ಸಂಘದ ಒಂದು ಕೋಣೆ ಈ ಹೆಂಗಸರಿಗೂ ಸಿಗಲಿ

ಮಾನ್ಯ ಸಂಪಾದಕರೇ,

ಮುಂಬಯಿಯ ಕನ್ನಡ ಸಂಘಗಳು ಚಳಿಗಾಲದಲ್ಲಿ ಫ್ಲೈಓವರ್ ಕೆಳಗೆ ಕಂಬಳಿ ಹಂಚುವುದು ಒಳ್ಳೆಯದೇ. ಆದರೆ ಅಲ್ಲೇ ಮಲಗುವ, ನಶೆಯ ಸೂಜಿ ಚುಚ್ಚಿಕೊಳ್ಳುವ ಹೆಂಗಸರ ಪಾಡು ಬೇರೆ.

ಅನೇಕರಿಗೆ ಸೂಜಿ ಹಾಕುವವನು ಜೊತೆಗಿರುವ ಗಂಡಸು. ಮೊದಲು ಅವನ ಸರದಿ, ಅದೇ ಸಿರಿಂಜಿನಲ್ಲಿ ಆಮೇಲೆ ಇವಳದು. ಎಚ್‌ಐವಿ ದಾಟುವುದು ಹೀಗೆ. ಸೂಜಿ ಬದಲಿಸಿದರೂ ನಶೆ ಕರಗಿಸುವ ಚಮಚ, ಸೋಸುವ ಹತ್ತಿ, ನೀರು ಒಂದೇ ಆದರೆ ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಸಿ ಬಿಡದು. ಬಳಸಿದ ಸಿರಿಂಜಿನೊಳಗೆ ಆ ವೈರಸ್ 63 ದಿನ ಉಳಿದದ್ದು ಪ್ರಯೋಗಾಲಯದಲ್ಲಿ ಕಂಡಿದೆ. ಹಾಗಾಗಿ ಹೊಸ ಸಿರಿಂಜನ್ನು ಅವಳ ಕೈಗೇ, ಅವಳ ದಿನದ ಲೆಕ್ಕಕ್ಕೆ ಸಾಕಾಗುವಷ್ಟು ಕೊಡಬೇಕು. ಪೊಲೀಸರು ಕಸಿದರೆ ಮತ್ತೆ ಹಳೆಯದೇ ಗತಿ. ಇಂಥ ವಿತರಣೆಗೆ 2017ರ ಎಚ್‌ಐವಿ ಕಾಯ್ದೆಯ 22ನೇ ಕಲಮಿನ ರಕ್ಷಣೆ ಇದೆ. ಅದನ್ನು ಠಾಣೆಯಲ್ಲಿ ಓದಿ ಹೇಳಬಲ್ಲ ವಕೀಲರಿಗೆ ನಮ್ಮವರಲ್ಲಿ ಬರವೇ?

ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ (ನ್ಯಾಕೋ) ಒಎಸ್‌ಟಿ ಕೇಂದ್ರಗಳಲ್ಲಿ, ಅಂದರೆ ನಶೆಯ ಸೂಜಿಗೆ ಬದಲಾಗಿ ಔಷಧ ಕೊಡುವ ಕೇಂದ್ರಗಳಲ್ಲಿ, ಬ್ಯುಪ್ರೆನಾರ್ಫಿನ್ ಎಂಬ ಮಾತ್ರೆ ಉಚಿತ. ಮಾತ್ರೆ ನಾಲಿಗೆಯಡಿ ಕರಗುವ ತನಕ ನರ್ಸ್ ಎದುರು ಕೂರಬೇಕು, ಸಾಮಾನ್ಯವಾಗಿ ದಿನವೂ. ಮೊದಲ ಮಾತ್ರೆಗೆ ಮುನ್ನ ‘ಟರ್ಕಿ’, ಅಂದರೆ ನಶೆ ಇಳಿದಾಗ ಮೈಗೆ ಆಗುವ ಯಾತನೆ, ಶುರುವಾಗಿರಬೇಕು. ಬ್ರೌನ್ ಶುಗರ್ (ಕಲಬೆರಕೆ ಹೆರಾಯಿನ್) ಆದರೆ ಕೊನೆಯ ಡೋಸಿನಿಂದ 6ರಿಂದ 12 ಗಂಟೆ ಕಾಯಬೇಕು. ಅವಸರಪಟ್ಟರೆ ಔಷಧವೇ ಟರ್ಕಿಯನ್ನು ಒಮ್ಮೆಲೇ ಎಬ್ಬಿಸುತ್ತದೆ: ವಾಂತಿ, ನಡುಕ, ಮೈ ಮುರಿಯುವ ನೋವು. ಹೀಗಾದವಳು ಎರಡನೇ ದಿನ ಬರುವುದಿಲ್ಲ. ಕಲಬುರಗಿ, ವಿಜಯಪುರದ ಕಡೆಯವಳಿಗೆ ಇದನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು ಬೇಕು.

ಬಸಿರಿನ ವಿಷಯ ಇನ್ನೂ ಸೂಕ್ಷ್ಮ. ಈ ನಶೆಯಿಂದ ಮುಟ್ಟು ಏರುಪೇರಾಗುತ್ತದೆ, ನಿಂತೂ ಹೋಗುತ್ತದೆ. ಹಾಗಾಗಿ ಗರ್ಭ ನಿಂತದ್ದು ಎಷ್ಟೋ ತಿಂಗಳು ಗೊತ್ತಾಗುವುದಿಲ್ಲ. ಗೊತ್ತಾದೊಡನೆ ‘ಇವತ್ತೇ ಬಿಡು’ ಎಂದು ಗದರುವವರು ಒಳ್ಳೆಯ ಮನಸ್ಸಿನವರೇ ಇರಬಹುದು, ಮಾಡುವುದು ಮಾತ್ರ ಅಪಾಯ. ಥಟ್ಟನೆ ಬಿಟ್ಟವಳು ಮತ್ತೆ ಸೂಜಿಗೆ ಮರಳುವುದೇ ಹೆಚ್ಚು. ಅಷ್ಟರಲ್ಲಿ ದೇಹಕ್ಕೆ ರೂಢಿ ತಪ್ಪಿರುವುದರಿಂದ ಹಳೆಯ ಪ್ರಮಾಣವೇ ಉಸಿರು ನಿಲ್ಲಿಸಬಲ್ಲದು. ವೈದ್ಯರ ನಿಗಾದಲ್ಲಿ ಬ್ಯುಪ್ರೆನಾರ್ಫಿನ್ ಮುಂದುವರಿಸಿ ಹೆರಿಗೆ ಮಾಡಿಸುವುದೇ ಒಪ್ಪಿತ ಕ್ರಮ. ಹುಟ್ಟಿದ ಮಗುವಿಗೂ ಟರ್ಕಿ ಬರಬಹುದು, ಅದಕ್ಕೆ ಚಿಕಿತ್ಸೆ ಇದೆ; ಕೆಲವು ದಿನ ಆಸ್ಪತ್ರೆಯಲ್ಲಿಟ್ಟು ನೋಡಬೇಕು.

ಗಂಡಸರೇ ತುಂಬಿದ ಸಾಲಿನಲ್ಲಿ ನಿಲ್ಲಲು ಈ ಹೆಂಗಸರು ಹೆದರುತ್ತಾರೆ. ಕೋವಿಡ್ ಕಾಲದಂತೆ ಹಲವು ದಿನದ ಮಾತ್ರೆ ಕೈಗೆ ಕೊಡಬಹುದು, ಆದರೆ ಫುಟ್‌ಪಾತ್ ಮೇಲೆ ಅದು ರಾತ್ರಿಯೇ ಕಳುವಾಗುತ್ತದೆ. ಮಧ್ಯಾಹ್ನ ಖಾಲಿ ಬಿದ್ದಿರುವ ಸಂಘದ ಕೋಣೆಯೊಂದನ್ನು ಎರಡು ಗಂಟೆ ಹೆಂಗಸರಿಗಷ್ಟೇ ಬಿಟ್ಟುಕೊಟ್ಟು, ಬೀಗವಿರುವ ಒಂದು ಕಪಾಟು ಇಟ್ಟರೆ ಎರಡೂ ತೊಡಕು ಸಡಿಲವಾಗುತ್ತವೆ. ಕೇಂದ್ರದ ವೈದ್ಯರೊಡನೆ ಮಾತಾಡಿ ಈ ವ್ಯವಸ್ಥೆ ಮಾಡಲು ಯಾವ ಸಂಘ ಮುಂದೆ ಬರುತ್ತದೆ?

– ಬೀದಿ ಆರೋಗ್ಯ ಕಾರ್ಯಕರ್ತರು, ಕುರ್ಲಾ, ಮುಂಬಯಿ