ಬೆಳೆ ಪರಿಹಾರ ಬಿತ್ತಿದವರ ಕೈಗೆ ಬರಲಿ

ಸಂಪಾದಕರೇ,

ಅಫಜಲಪುರ ತಾಲ್ಲೂಕಿನಲ್ಲಿ ಭೀಮಾ ದಂಡೆಗೆ ನಮ್ಮ ಹೊಲ ಇದೆ. ನಾನು ನಿವೃತ್ತ ಶಿಕ್ಷಕಿ, ಇರುವುದು ಕಲಬುರಗಿಯಲ್ಲಿ. ಹೊಲವನ್ನು ಊರಿನ ಒಂದು ಕುಟುಂಬ ಲಾವಣಿ, ಅಂದರೆ ಗೇಣಿ, ಹಿಡಿದು ಮಾಡುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ಕಡೆಯಿಂದ ನೀರು ಬಂದು ಭೀಮಾ ಉಕ್ಕಿದಾಗ ತೊಗರಿ ಪೂರ್ತಿ ನೀರಲ್ಲಿ ನಿಂತಿತು. ತೊಗರಿಗೆ ನಿಂತ ನೀರು ಆಗಿಬರುವುದಿಲ್ಲ. ನೀರು ಇಳಿದ ಮೇಲೆ ಬೇರು ಕೊಳೆತು ಗಿಡ ನಿಂತಲ್ಲೇ ಒಣಗಿತು. ಬೀಜ, ಗೊಬ್ಬರ, ಔಷಧಿ, ಕಳೆ ತೆಗೆದ ಆಳುಗಳ ಕೂಲಿ ಎಲ್ಲ ಖರ್ಚೂ ಅವರದು. ಲಾವಣಿ ದುಡ್ಡನ್ನು ಅವರು ಯುಗಾದಿಗೇ ಕೊಟ್ಟು ಮುಗಿಸಿದ್ದರು.

ಪರಿಹಾರದ ಹಣ ಮಾತ್ರ ಬಂದದ್ದು ನನ್ನ ಖಾತೆಗೆ.

ಯಾರೂ ಮೋಸ ಮಾಡಿಲ್ಲ. ಪಹಣಿಯಲ್ಲಿ ನನ್ನ ಹೆಸರಿದೆ, ರೈತರ ನೋಂದಣಿ ಸಂಖ್ಯೆಯಾದ ಫ್ರೂಟ್ಸ್ ಐಡಿ ನನ್ನದು, ಆಧಾರ್ ಜೋಡಿಸಿದ ಖಾತೆಯೂ ನನ್ನದೇ. ಸಮೀಕ್ಷೆಗೆ ಬಂದವರು ಸರ್ವೆ ನಂಬರ್ ಕೇಳಿದರು, ಫೋಟೊ ತೆಗೆದರು. ಬಿತ್ತಿದವರು ಯಾರು ಎಂದು ಕೇಳುವ ಅಗತ್ಯ ಅವರಿಗೆ ಬರಲಿಲ್ಲ.

ಆ ಹಣವನ್ನು ನಾನು ಲಾವಣಿ ಮಾಡಿದ ಕುಟುಂಬಕ್ಕೇ ಕೊಟ್ಟೆ. ಆದರೆ ನಮ್ಮ ಕಡೆ ಅರ್ಧ ಕೊಡುವವರಿದ್ದಾರೆ, ಏನೂ ಕೊಡದವರೂ ಇದ್ದಾರೆ. ಪರಿಹಾರ ಹೀಗೆ ಹೊಲದ ಮಾಲೀಕರ ಮನಸ್ಸಿನ ಮೇಲೆ ನಿಲ್ಲಬಾರದು ಅಲ್ವಾ? ಸಿಗುವುದೇನೂ ಜಾಸ್ತಿ ಅಲ್ಲ. ಶೇ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾಳಾದರೆ ಕೇಂದ್ರದ ಆಗಿನ ನಿಯಮದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ 2 ಹೆಕ್ಟೇರ್‌ವರೆಗೆ ಮಾತ್ರ. ಆ ಸಲ ರಾಜ್ಯ ಸರ್ಕಾರ ಇನ್ನೂ 8,500 ಸೇರಿಸಿ ಕೊಡುವುದಾಗಿ ಹೇಳಿತು. ಎಕರೆ ಲೆಕ್ಕದಲ್ಲಿ ಎರಡೂ ಕೂಡಿ ಸುಮಾರು 6,900. ಕೈಸುಟ್ಟುಕೊಂಡವರು ಮತ್ತೆ ಬೀಜ ಗೊಬ್ಬರ ತರಲಿ ಎಂದೇ ಕೊಡುವ ಹಣ ಇದು. ನನ್ನಂಥ ಪಿಂಚಣಿದಾರರಿಗೆ ಅದು ಯಾಕೆ ಬೇಕು?

ಹಾಗಾದರೆ ಒಂದು ಕರಾರು ಪತ್ರ ಬರೆದುಕೊಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ತೊಡಕು ಇರುವುದೇ ಅಲ್ಲಿ. 1974ರ ಭೂ ಸುಧಾರಣೆ ತಿದ್ದುಪಡಿ ಆದಮೇಲೆ ನಮ್ಮ ರಾಜ್ಯದಲ್ಲಿ, ಸೈನಿಕರು ಮತ್ತು ನಾವಿಕರಂಥ ಕೆಲವರನ್ನು ಬಿಟ್ಟರೆ, ಹೊಲ ಗೇಣಿಗೆ ಕೊಡುವ ಹಾಗೇ ಇಲ್ಲ. ಆ ಕಾಯ್ದೆಯಿಂದ ಎಷ್ಟೋ ಬಡವರಿಗೆ ಭೂಮಿ ಸಿಕ್ಕಿತು. ಅದರ ಬಗ್ಗೆ ನನಗೆ ತುಂಬಾ ಗೌರವ ಇದೆ. ಆದರೆ ಲಾವಣಿ ನಿಲ್ಲಲಿಲ್ಲ, ಬಾಯಿಮಾತಿನಲ್ಲಿ ನಡೆದೇ ಇದೆ. ಕಾಗದ ಮಾಡಿದರೆ ಹೊಲ ಕೈತಪ್ಪುತ್ತದೆ ಎಂದು ಮಾಲೀಕರಿಗೆ ಭಯ. ಕಾಗದ ಇಲ್ಲ ಅಂತ ಲಾವಣಿ ಮಾಡುವವರಿಗೆ ಬೆಳೆ ಸಾಲವೂ ಸಿಗುವುದಿಲ್ಲ. ಬೆಳೆ ವಿಮೆಯ ಫಸಲ್ ಬಿಮಾ ಯೋಜನೆಯಲ್ಲಿ ಗೇಣಿದಾರರೂ ಸೇರಬಹುದು ಎಂದು ನಿಯಮ ಹೇಳುತ್ತದೆ. ಕಾಗದವೇ ಇಲ್ಲದವರು ಸೇರುವುದು ಹೇಗೆ?

ಆಂಧ್ರಪ್ರದೇಶ 2019ರಲ್ಲಿ ಇದಕ್ಕೆಂದೇ ಒಂದು ಕಾಯ್ದೆ ಮಾಡಿತು. 11 ತಿಂಗಳ ಒಪ್ಪಂದ, ಮಾಲೀಕರ ಸಹಿ, ಸಾಗುವಳಿ ಮಾಡುವವರಿಗೆ ಒಂದು ಕಾರ್ಡು. ಭೂಮಿಯ ಹಕ್ಕಿಗೆ ಅದರಿಂದ ಧಕ್ಕೆ ಇಲ್ಲ. ಸಹಿ ಹಾಕಲು ಹಿಂಜರಿಯುವವರು ಅಲ್ಲೂ ಇದ್ದಾರೆ, ನಿಜ. ಆದರೂ ಕೇಳಲು ಒಂದು ದಾರಿಯಾದರೂ ಇದೆ.

ಅಷ್ಟು ದೊಡ್ಡ ಕಾಯ್ದೆ ಈಗಲೇ ಆಗದಿದ್ದರೆ, ಹಂಗಾಮಿನ ಬೆಳೆ ಸಮೀಕ್ಷೆ ಮಾಡುವಾಗಲೇ ಸಾಗುವಳಿ ಮಾಡುವವರ ಹೆಸರು ಮತ್ತು ಖಾತೆಯನ್ನೂ ಬರೆದುಕೊಳ್ಳಲಿ. ಅದು ಆ ಹಂಗಾಮಿನ ಪರಿಹಾರಕ್ಕೆ ಮಾತ್ರ, ಹಕ್ಕಿಗೆ ಸಾಕ್ಷಿಯಲ್ಲ ಎಂದು ಸರ್ಕಾರ ಸ್ಪಷ್ಟವಾಗಿ ಆದೇಶ ಹೊರಡಿಸಲಿ. ಕಂದಾಯ ಸಚಿವರೂ ಕೃಷಿ ಸಚಿವರೂ ಮುಂದಿನ ಮುಂಗಾರಿಗೆ ಮೊದಲೇ ಇದನ್ನು ಮಾಡಬೇಕು. ನಮ್ಮ ಹೊಲದ ಮಟ್ಟಿಗೆ ಒಪ್ಪಿಗೆ ಸಹಿ ಹಾಕಲು ನಾನು ತಯಾರಿದ್ದೇನೆ.

— ನಿವೃತ್ತ ಶಿಕ್ಷಕಿ, ಕಲಬುರಗಿ