ಆಟಿಕೆ ಕಾರಿನ ವೇಗಕ್ಕೆ ಬರೀ ಪಾಟ್ ಸಾಲದು

ಮಾನ್ಯ ಸಂಪಾದಕರೇ,

ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನ ಹತ್ತಿರವಾದಂತೆ ಶಾಲಾ ವಸ್ತುಪ್ರದರ್ಶನಗಳಲ್ಲಿ ಬ್ಯಾಟರಿ ಕಾರುಗಳು ಸಾಲುಗಟ್ಟುತ್ತವೆ. ವೇಗ ಹೆಚ್ಚು ಕಡಿಮೆ ಮಾಡಲೆಂದು ಎಷ್ಟೋ ಮಕ್ಕಳು ಬ್ಯಾಟರಿ ಮತ್ತು ಮೋಟರಿನ ನಡುವೆ ಒಂದು ಪಾಟ್ (ಪೊಟೆನ್ಶಿಯೋಮೀಟರ್, ಅಂದರೆ ತಿರುಗಿಸಿ ರೋಧ ಬದಲಿಸುವ ಗುಂಡಿ) ಸೇರಿಸಿರುತ್ತಾರೆ. ಇದನ್ನೇ ಸರಿಯಾದ ವಿಧಾನವೆಂದು ಹೇಳಿಕೊಡುವುದು ಇನ್ನಾದರೂ ನಿಲ್ಲಲಿ.

10 ಕಿಲೋ ಓಮ್ ಪಾಟ್ ಹಾಕಿದರೆ ಅದನ್ನು ಕೊನೆಯಂಚಿಗೆ ತಿರುಗಿಸುವವರೆಗೂ ಕಾರು ಕದಲುವುದಿಲ್ಲ, ಆಮೇಲೆ ಒಮ್ಮೆಲೇ ಜಿಗಿಯುತ್ತದೆ. ಆ ಅಂಚಿನಲ್ಲಿ 10 ಓಮ್ ಉಳಿದಿದೆ, ಮೋಟರ್ 0.3 ಆಂಪಿಯರ್ ಎಳೆಯುತ್ತಿದೆ ಎಂದುಕೊಳ್ಳಿ. 0.9 ವ್ಯಾಟ್ ಶಾಖ ಕಾರ್ಬನ್ ಪಟ್ಟಿಯ ಒಂದು ಚೂರು ಜಾಗದಲ್ಲಿ ಹುಟ್ಟುತ್ತದೆ. ಸಾಮಾನ್ಯ ಪಾಟ್ ಇಡೀ ಪಟ್ಟಿ ಸೇರಿ ತಾಳುವುದೇ ಕಾಲು ವ್ಯಾಟ್ ಆಸುಪಾಸು; ಸುಟ್ಟ ವಾಸನೆ ಬರದೆ ಇನ್ನೇನು? ಮೇಲಾಗಿ, ಹೊರಡುವಾಗ ಮೋಟರಿಗೆ ಹೆಚ್ಚು ಕರೆಂಟ್ ಬೇಕು. ಅದೇ ಹೊತ್ತಿಗೆ ಪಾಟ್ ವೋಲ್ಟೇಜನ್ನು ತಾನೇ ನುಂಗಿಬಿಡುತ್ತದೆ. ಹಾಗಾಗಿ ನಿಧಾನವಾಗಿ ಹೊರಡುವ ಕಾರು ಈ ದಾರಿಯಲ್ಲಿ ಸಿಗುವುದೇ ಇಲ್ಲ.

ಮೋಟರಿಗೆ ಪೂರ್ತಿ ವೋಲ್ಟೇಜನ್ನೇ ಕೊಡಬೇಕು, ಆದರೆ ಸೆಕೆಂಡಿಗೆ ನೂರು ಚಿಲ್ಲರೆ ಸಲ ಕೊಟ್ಟು ತೆಗೆಯಬೇಕು. ಕೊಡುವ ಹೊತ್ತು ಹೆಚ್ಚಾದರೆ ವೇಗ ಹೆಚ್ಚು. ಇದೇ ಪಿಡಬ್ಲ್ಯೂಎಂ (ಪಲ್ಸ್ ವಿಡ್ತ್ ಮಾಡ್ಯುಲೇಶನ್). ಇದಕ್ಕೆ 1972ರಲ್ಲಿ ಮಾರುಕಟ್ಟೆಗೆ ಬಂದ 555 ಟೈಮರ್ ಎಂಬ ಎಂಟು ಕಾಲಿನ ಐಸಿ (ಚಿಪ್) ಇವತ್ತಿಗೂ ಧಾರಾಳವಾಗಿ ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಷ್ಟೇ ಅಲ್ಲ, ಜಿಲ್ಲಾ ಕೇಂದ್ರಗಳ ಬಿಡಿಭಾಗದ ಅಂಗಡಿಗಳಲ್ಲೂ ಸಿಗುತ್ತದೆ.

ಜೋಡಣೆ ಹೀಗೆ. ಐಸಿಯ 1ನೇ ಕಾಲು ಮೈನಸ್‌ಗೆ, 8 ಮತ್ತು 4 ಪ್ಲಸ್‌ಗೆ. 4ನ್ನು ಖಾಲಿ ಬಿಟ್ಟರೆ ಮೋಟರಿನ ಗದ್ದಲಕ್ಕೆ ಐಸಿ ತಾನಾಗಿ ರೀಸೆಟ್ ಆಗುತ್ತಿರುತ್ತದೆ. 5ರಿಂದ ಮೈನಸ್‌ಗೆ 0.01 ಮೈಕ್ರೊಫ್ಯಾರಡ್ ಕೆಪಾಸಿಟರ್ (ಮೈಮೇಲೆ 103 ಎಂದಿರುತ್ತದೆ). 2 ಮತ್ತು 6 ಕೂಡಿಸಿ, ಅಲ್ಲಿಂದ ಮೈನಸ್‌ಗೆ 0.1 ಮೈಕ್ರೊಫ್ಯಾರಡ್ (104). 7ರಿಂದ ಪ್ಲಸ್‌ಗೆ 1 ಕಿಲೋ ಓಮ್ ರೆಸಿಸ್ಟರ್; ಇದನ್ನು ಬಿಟ್ಟು ನೇರ ತಂತಿ ಎಳೆದರೆ ಐಸಿ ಅಲ್ಲೇ ಸಾಯುತ್ತದೆ. 100 ಕಿಲೋ ಓಮ್ ಪಾಟ್‌ನ ನಡುಗಾಲು 7ಕ್ಕೆ. ಅದರ ಎರಡು ಹೊರಗಾಲುಗಳಿಂದ 2–6ರ ಕೂಡಿಗೆ ಒಂದೊಂದು 1ಎನ್4148 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ, ಒಂದು ತುದಿಯಲ್ಲಿ ಪಟ್ಟೆ ಇರುತ್ತದೆ): ಒಂದರ ಪಟ್ಟೆ ಐಸಿ ಕಡೆ, ಇನ್ನೊಂದರ ಪಟ್ಟೆ ಪಾಟ್ ಕಡೆ. ಐಸಿಯ ಪಕ್ಕದಲ್ಲೇ ಪ್ಲಸ್–ಮೈನಸ್ ನಡುವೆ 100 ಮೈಕ್ರೊಫ್ಯಾರಡ್.

ತಪ್ಪು ಹೆಚ್ಚಾಗುವುದು ಈ ಡಯೋಡ್‌ಗಳಲ್ಲೇ. ಎರಡರ ಪಟ್ಟೆಯೂ ಪಾಟ್ ಕಡೆಗಿದ್ದರೆ ಕೆಪಾಸಿಟರ್ ತುಂಬುವುದೇ ಇಲ್ಲ, ಕಾರು ಸದಾ ಪೂರ್ತಿ ವೇಗದಲ್ಲಿ ಓಡುತ್ತದೆ. ಎರಡೂ ಐಸಿ ಕಡೆಗಿದ್ದರೆ ತುಂಬಿದ್ದು ಖಾಲಿಯಾಗುವುದಿಲ್ಲ, ಕಾರು ನಿಂತಲ್ಲೇ ನಿಲ್ಲುತ್ತದೆ. ಪಾಟ್ ಮೇಲೆ ‘ಬಿ100ಕೆ’ ಎಂದಿರಲಿ. ‘ಎ’ ಎಂದಿದ್ದರೆ ಅದು ಸಾಮಾನ್ಯವಾಗಿ ಆಡಿಯೊ ಪಾಟ್, ವೇಗದ ಬದಲಾವಣೆಯೆಲ್ಲ ಒಂದೇ ಮೂಲೆಗೆ ಸರಿದುಬಿಡುತ್ತದೆ.

ಮೋಟರ್ ಕಟ್ಟುವ ಮೊದಲು 3ನೇ ಕಾಲಿನಿಂದ 470 ಓಮ್ ಮತ್ತು ಒಂದು ಎಲ್‌ಇಡಿಯನ್ನು ಮೈನಸ್‌ಗೆ ಕೊಟ್ಟು ನೋಡಿ. ಪಾಟ್ ತಿರುಗಿಸಿದಂತೆ ಬೆಳಕು ಏರಿಳಿಯಬೇಕು. ಈಗ 0.1ರ ಬದಲು 10 ಮೈಕ್ರೊಫ್ಯಾರಡ್ ಹಾಕಿದರೆ ಎಲ್‌ಇಡಿ ಸೆಕೆಂಡಿಗೊಮ್ಮೆ ಮಿಣುಕುತ್ತದೆ, ಪಾಟ್ ತಿರುಗಿಸಿದರೆ ಉರಿಯುವ ಹೊತ್ತು ಬದಲಾಗುವುದು ಕಣ್ಣಿಗೇ ಕಾಣುತ್ತದೆ. ಆರ್ಡುಯಿನೊ ಎಂಬ, ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಬೋರ್ಡಿನಲ್ಲಿ 0ಯಿಂದ 255ರೊಳಗಿನ ಒಂದು ಅಂಕಿ ಬರೆದು ಇದೇ ಕೆಲಸ ಮಾಡಿಸಬಹುದು ನಿಜ, ಆದರೆ ಒಳಗೆ ನಡೆಯುವುದು ಮಗುವಿಗೆ ಕಾಣುವುದಿಲ್ಲ.

ಇನ್ನು ಮೋಟರಿನ ಸ್ವಿಚ್: ಗೇಟ್, ಸೋರ್ಸ್, ಡ್ರೈನ್ ಎಂಬ ಮೂರು ಕಾಲುಗಳಿರುವ ಮಾಸ್‌ಫೆಟ್ ಟ್ರಾನ್ಸಿಸ್ಟರ್. 3ನೇ ಕಾಲಿನಿಂದ 220 ಓಮ್ ದಾಟಿ ಮಾಸ್‌ಫೆಟ್‌ನ ಗೇಟ್‌ಗೆ, ಗೇಟ್‌ನಿಂದ ಮೈನಸ್‌ಗೆ 10 ಕಿಲೋ ಓಮ್. ಸೋರ್ಸ್ ಮೈನಸ್‌ಗೆ, ಡ್ರೈನ್ ಮೋಟರಿನ ಒಂದು ತುದಿಗೆ, ಮೋಟರಿನ ಇನ್ನೊಂದು ತುದಿ ಪ್ಲಸ್‌ಗೆ. ಮಾಸ್‌ಫೆಟ್ ಐಆರ್‌ಎಲ್‌ಝಡ್44ಎನ್ ಆಗಿರಬೇಕು. ಅಂಗಡಿಯಲ್ಲಿ ‘ಎರಡೂ ಒಂದೇ’ ಎಂದು ಐಆರ್‌ಎಫ್‌ಝಡ್44ಎನ್ ಕೈಗಿಟ್ಟಾರು. ಒಂದಲ್ಲ. 6 ವೋಲ್ಟ್ ಬ್ಯಾಟರಿಯಲ್ಲಿ 555 ಗೇಟ್‌ಗೆ ಕೊಡುವುದೇ ನಾಲ್ಕೂವರೆ ವೋಲ್ಟ್ ಹತ್ತಿರ. ‘ಎಲ್’ ಇರುವುದು ಅಷ್ಟಕ್ಕೆ ಚೆನ್ನಾಗಿ ತೆರೆದುಕೊಳ್ಳುತ್ತದೆ. ‘ಎಫ್’ ಇರುವುದಕ್ಕೆ ಪೂರ್ತಿ ತೆರೆಯಲು 10 ವೋಲ್ಟ್ ಬೇಕು, ಅರೆಬರೆ ತೆರೆದು ತಾನೇ ಬಿಸಿಯಾಗುತ್ತದೆ. ಬಿ.ಸಿ.547 (BC547) ಟ್ರಾನ್ಸಿಸ್ಟರ್ ಬೇಡವೇ ಬೇಡ, ಅದರ ಮಿತಿಯೇ 100 ಮಿಲಿಆಂಪಿಯರ್. ಮೋಟರ್ ಓಡಿಸಲೆಂದೇ ಸಿಗುವ ಎಲ್298 ಮಾಡ್ಯೂಲ್ ಎರಡು ವೋಲ್ಟ್‌ನಷ್ಟು ತಾನೇ ತಿನ್ನುತ್ತದೆ.

ಮೋಟರಿಗೆ ಅಡ್ಡಲಾಗಿ 1ಎನ್5819 ಡಯೋಡ್, ಪಟ್ಟೆ ಪ್ಲಸ್ ಕಡೆ. ಕರೆಂಟ್ ಕಡಿದಾಗಲೆಲ್ಲ ಮೋಟರಿನ ಸುರುಳಿ ಎಬ್ಬಿಸುವ ಏಟು ಈ ದಾರಿಯಲ್ಲಿ ಸುತ್ತಿ ಇಳಿಯುತ್ತದೆ. ಡಯೋಡ್ ತಿರುವುಮುರುವಾದರೆ ಬ್ಯಾಟರಿ ನೇರ ಶಾರ್ಟ್. ಹಿಂದೆ–ಮುಂದೆ ಓಡಿಸಲು ಆರು ಕಾಲಿನ ಡಿಪಿಡಿಟಿ ಸ್ವಿಚ್ ಸೇರಿಸುವವರು ಈ ಡಯೋಡನ್ನು ಸ್ವಿಚ್ಚಿಗಿಂತ ಮೊದಲು, ಸರ್ಕ್ಯೂಟ್ ಕಡೆಗೇ ಉಳಿಸಿಕೊಳ್ಳಬೇಕು. ಮೋಟರಿನ ಮೈಮೇಲೆ ಬೆಸುಗೆ ಹಾಕಿದ್ದರೆ ರಿವರ್ಸ್ ಒತ್ತಿದ ಕ್ಷಣವೇ ಹೊಗೆ. ಮೋಟರಿನ ಮೈಮೇಲೆ ಇರಬೇಕಾದದ್ದು ಬ್ರಷ್‌ಗಳ ಗದ್ದಲಕ್ಕೆಂದು ಒಂದು 104 ಕೆಪಾಸಿಟರ್ ಮಾತ್ರ.

ಚೌಕದ 9 ವೋಲ್ಟ್ ಬ್ಯಾಟರಿ ಮೋಟರಿಗಾಗಿ ಹುಟ್ಟಿದ್ದಲ್ಲ. ಕಾರು ಹೊರಡುವಾಗ ಅದರ ವೋಲ್ಟೇಜ್ ಕುಸಿದು 555 ತಡವರಿಸುತ್ತದೆ, ಪಾಪ ಮಕ್ಕಳು ಐಸಿ ಬದಲಿಸುತ್ತಾ ಕೂರುತ್ತಾರೆ. ನಾಲ್ಕು ಎಎ ಆಲ್ಕಲೈನ್ ಸೆಲ್, ಹಳದಿ ಬಿಒ ಮೋಟರ್ (ಗೇರ್ ಜೋಡಿಸಿದ ಪುಟ್ಟ ಮೋಟರ್): ಜೋಡಿ ಸರಿ. ಮೋಟರಿನ ತಂತಿಗಳನ್ನು ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಸರ್ಕ್ಯೂಟ್ ಜೋಡಿಸುವ ತೂತುಗಳ ಹಲಗೆ) ಮೂಲಕ ಹಾಯಿಸದೆ ನೇರ ಬೆಸುಗೆ ಹಾಕಿ. ಪಾಟ್ ತೀರಾ ಕೆಳಗಿದ್ದಾಗ ಮೋಟರ್ ಗುಂಯ್‌ಗುಟ್ಟಿ ತಿರುಗದಿದ್ದರೆ ಅದು ದೋಷವಲ್ಲ, ಗೇರಿನ ಘರ್ಷಣೆ ಅಷ್ಟೇ.

ತೀರ್ಪುಗಾರರಲ್ಲಿ ಒಂದು ಕೋರಿಕೆ. ಅಂಕ ಹಾಕುವ ಮುನ್ನ ಕಾರನ್ನು ನಿಧಾನ ವೇಗಕ್ಕೆ ಇಳಿಸಿ, ಚಕ್ರವನ್ನು ಎರಡು ಸೆಕೆಂಡ್ ಬೆರಳಲ್ಲಿ ಹಿಡಿದು ಬಿಡಿ. ಮತ್ತೆ ತಾನಾಗಿ ಹೊರಟಿತೇ, ಮಾಸ್‌ಫೆಟ್ ತಣ್ಣಗಿದೆಯೇ ಮುಟ್ಟಿ ನೋಡಿ.

– ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳು, ಮೈಸೂರು