ಮಗಳಿಗೊಂದು ಪತ್ರ: ಫ್ರೀಮೇಸನ್ ಲಾಡ್ಜ್‌ನವರು ಮನೆಗೆ ಬಂದಾಗ

ಸುಮಾ,

ಮೊನ್ನೆ ನೀನು ಕೇಳಿದ್ದಕ್ಕೆ ಬರೆದೇ ಹೇಳುತ್ತೇನೆ ಅಂದಿದ್ದೆ. ಫೋನಿನಲ್ಲಿ ಶುರು ಮಾಡಿದರೆ ನಿಮ್ಮಪ್ಪ ಪಕ್ಕದಲ್ಲಿ ಕೂತು "ಅದನ್ನ ಹೇಳಬ್ಯಾಡ" ಅಂತ ಕಣ್ಸನ್ನೆ ಮಾಡುತ್ತಾರೆ. ಈಗ ಅವರು ಕೆಲಗೇರಿ ಕೆರೆ ಕಡೆ ವಾಕಿಂಗ್ ಹೋಗಿದ್ದಾರೆ, ನನಗೆ ಪುರುಸೊತ್ತಿದೆ.

ಅಳಿಯಂದಿರಿಗೆ ಫ್ರೀಮೇಸನ್ ಲಾಡ್ಜ್, ಅಂದರೆ ನಿಮ್ಮಪ್ಪ ಇರುವ ಗಂಡಸರ ಆ ಹಳೆಯ ಸಂಘದ ಶಾಖೆ, ಸೇರುವ ಮನಸ್ಸಾಗಿದೆ, ಮಾವನ ಹತ್ತಿರ ಕೇಳಲು ಸಂಕೋಚ, ಸದ್ಯದಲ್ಲೇ ಲಾಡ್ಜ್‌ನಿಂದ ಇಬ್ಬರು ನಿಮ್ಮ ಮನೆಗೆ ಬಂದು ನಿನ್ನನ್ನೂ ಮಾತಾಡಿಸುತ್ತಾರಂತೆ. "ನಾನು ಏನು ಹೇಳಲಿ ಅವ್ವಾ, ಅಲ್ಲಿ ಏನೋ ಗುಟ್ಟು ಪೂಜೆ ಮಾಡುತ್ತಾರಂತಲ್ಲ" ಅಂತ ನಿನ್ನ ಪ್ರಶ್ನೆ. ಗುಟ್ಟಿನ ವಿಷಯ ಬಿಡು. ನೀನು ಕೇಳಬೇಕಾದದ್ದು ದುಡ್ಡು ಮತ್ತು ಸಂಜೆಗಳ ಬಗ್ಗೆ. ಇದನ್ನು ಒಬ್ಬ ಮೇಸನ್‌ನ, ಅಂದರೆ ಆ ಸಂಘದ ಸದಸ್ಯರ, ಹೆಂಡತಿಯಾಗಿ ಹೇಳುತ್ತಿದ್ದೇನೆ.

ಮೊದಲು ಅದು ಏನಲ್ಲ ಅನ್ನುವುದು ತಿಳಿದಿರಲಿ. ದೇವರ ಪೂಜೆ ಅಲ್ಲ, ಮಠ ಅಲ್ಲ, ಪಕ್ಷ ಅಲ್ಲ. ಲಾಡ್ಜ್ ಒಳಗೆ ಧರ್ಮ ಮತ್ತು ರಾಜಕೀಯದ ಚರ್ಚೆ ಮಾಡುವಂತೆಯೇ ಇಲ್ಲ. ನಮ್ಮ ಕಡೆ ನಾಲ್ಕು ಗಂಡಸರು ಕೂಡಿ ರಾಜಕೀಯ ಮಾತಾಡದೆ ಎರಡು ತಾಸು ಕೂರುತ್ತಾರೆ ಅಂದರೆ ಅದೇ ದೊಡ್ಡ ಪವಾಡ ಅಲ್ವಾ! ಆದರೆ ದೇವರನ್ನು ನಂಬದವರನ್ನು ಸೇರಿಸಿಕೊಳ್ಳುವುದಿಲ್ಲ. ಯಾವ ದೇವರು ಅಂತ ಕೇಳುವುದಿಲ್ಲ. ಪ್ರಮಾಣ ಮಾಡುವಾಗ ಅವರವರ ಧರ್ಮಗ್ರಂಥದ ಮೇಲೆ ಕೈ ಇಡಬೇಕು, ಹಾಗಾಗಿ ನಮ್ಮ ದೇಶದ ಲಾಡ್ಜ್‌ಗಳಲ್ಲಿ ಗೀತೆ, ಕುರಾನ್, ಬೈಬಲ್, ಗ್ರಂಥ ಸಾಹಿಬ್ ಒಂದೇ ಪೀಠದ ಮೇಲೆ ಅಕ್ಕಪಕ್ಕ ಇರುವುದುಂಟು. ನಿಮ್ಮಪ್ಪ ಗೀತೆಯ ಮೇಲೆ ಕೈ ಇಟ್ಟರು. ವಚನದ ಕಟ್ಟು ಒಯ್ಯಬಹುದಿತ್ತಲ್ಲ ಅಂತ ನಾನು ಆಮೇಲೆ ಕೇಳಿದೆ, ಹೊಳೆಯಲಿಲ್ಲ ಅಂದರು.

ಇದು ಶುರುವಾದದ್ದು ಕಲ್ಲು ಕಟ್ಟುವ ಗೌಂಡಿಗಳ ಸಂಘದ ರೀತಿ ರಿವಾಜಿನಿಂದ ಅಂತ ಅವರು ಹೇಳಿಕೊಳ್ಳುತ್ತಾರೆ. ಆಮೇಲೆ ಕಲ್ಲು ಮುಟ್ಟದವರೂ ಸೇರಿಕೊಂಡರು. 1717ರ ಜೂನ್ 24ರಂದು ಲಂಡನ್ನಿನಲ್ಲಿ ನಾಲ್ಕು ಲಾಡ್ಜ್‌ಗಳು ಕೂಡಿ ಮೊದಲ ಗ್ರ್ಯಾಂಡ್ ಲಾಡ್ಜ್, ಅಂದರೆ ಲಾಡ್ಜ್‌ಗಳ ಮೇಲಿನ ಸಂಸ್ಥೆ, ಮಾಡಿಕೊಂಡವು, ಅದೂ ಒಂದು ಹೆಂಡದಂಗಡಿಯಲ್ಲಿ. ನಮ್ಮ ದೇಶಕ್ಕೆ ಬಂದದ್ದು ಕಂಪನಿ ಸರಕಾರದ ಇಂಗ್ಲಿಷರ ಜೊತೆ, ಮೊದಲು ಕಲ್ಕತ್ತೆಗೆ. ನಮ್ಮವರನ್ನು ಒಳಗೆ ಬಿಟ್ಟುಕೊಳ್ಳಲು ಅವರು ಬಹಳ ಮೀನಮೇಷ ಎಣಿಸಿದರು. 1843ರಲ್ಲಿ ಮುಂಬೈಯಲ್ಲಿ ಭಾರತೀಯರಿಗೂ ಪ್ರವೇಶ ಇರಲಿ ಅಂತಲೇ ಒಂದು ಲಾಡ್ಜ್ ಶುರುವಾಯಿತು. ವಿವೇಕಾನಂದರು ಇನ್ನೂ ನರೇಂದ್ರನಾಥರಾಗಿದ್ದಾಗ, 1884ರಲ್ಲಿ ಕಲ್ಕತ್ತೆಯಲ್ಲಿ ಮೇಸನ್ ಆಗಿದ್ದರು. ಮೋತಿಲಾಲ್ ನೆಹರೂ ಕೂಡ ಆಗಿದ್ದರು. ಸ್ವಾತಂತ್ರ್ಯ ಬಂದ ಮೇಲೆ, 1961ರ ನವೆಂಬರ್ 24ರಂದು, ದಿಲ್ಲಿಯಲ್ಲಿ ನಮ್ಮದೇ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಆಯಿತು, ರಾಮಪುರದ ನವಾಬರು ಅದರ ಮೊದಲ ಮುಖ್ಯಸ್ಥರು. ಅಳಿಯಂದಿರು ಸೇರುವ ಲಾಡ್ಜ್ ಇದರ ಕೆಳಗೆ ಬರುತ್ತದಾ, ಇಲ್ಲ ಇಂಗ್ಲೆಂಡ್ ಅಥವಾ ಸ್ಕಾಟ್ಲೆಂಡಿನ ಗ್ರ್ಯಾಂಡ್ ಲಾಡ್ಜ್ ಕೆಳಗೆ ಈಗಲೂ ಇರುವಂಥದ್ದಾ ಅಂತ ಕೇಳಿಕೊಳ್ಳಲಿ. ಯಾವುದರ ಕೆಳಗೂ ಇಲ್ಲ ಅಂದರೆ ಅಲ್ಲಿಗೇ ಕೈಮುಗಿದು ಬರಲಿ. ವಾಟ್ಸಾಪಿನಲ್ಲಿ "ಇಲ್ಯುಮಿನಾಟಿ ಸೇರಿ, ಶ್ರೀಮಂತರಾಗಿ, ಮೊದಲು ಇಷ್ಟು ಹಣ ಹಾಕಿ" ಅಂತ ಬರುತ್ತಲ್ಲ, ಅದು ಶುದ್ಧ ಮೋಸ, ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ನಿಜವಾದ ಇಲ್ಯುಮಿನಾಟಿ ಅನ್ನುವ ಗುಪ್ತ ಸಂಘ 1776ರಲ್ಲಿ ಜರ್ಮನಿಯ ಬವೇರಿಯಾದಲ್ಲಿ ಹುಟ್ಟಿ ಹತ್ತು ವರ್ಷದೊಳಗೆ ಸರಕಾರದ ಆಜ್ಞೆಯಿಂದ ಮುಚ್ಚಿಹೋಯಿತು.

ಈಗ ಒಳಗೆ ಏನು ನಡೆಯುತ್ತದೆ ಅನ್ನುವುದು. ನಾನು ಸಭೆ ನಡೆಯುವಾಗ ನೋಡಿಲ್ಲ, ಬಿಡುವುದಿಲ್ಲ. ಆದರೆ ಮನೆಯವರನ್ನೆಲ್ಲ ಕರೆದ ದಿನ ಹಾಲ್ ನೋಡಿದ್ದೇನೆ. ನೆಲ ಚದುರಂಗದ ಮಣೆಯ ಹಾಗೆ ಕಪ್ಪು ಬಿಳುಪು ಚೌಕ. ಪೂರ್ವಕ್ಕೆ ಮೆಟ್ಟಿಲ ಮೇಲೆ ಲಾಡ್ಜ್‌ನ ಮುಖ್ಯಸ್ಥರಾದ ಮಾಸ್ಟರ್ ಕುರ್ಚಿ. ಪಶ್ಚಿಮಕ್ಕೆ ಅವರ ನಂತರದ ಅಧಿಕಾರಿ ಸೀನಿಯರ್ ವಾರ್ಡನ್, ದಕ್ಷಿಣಕ್ಕೆ ಜೂನಿಯರ್ ವಾರ್ಡನ್. ಉತ್ತರಕ್ಕೆ ಅಂಥ ಕುರ್ಚಿ ಇಲ್ಲ, ಸೂರ್ಯ ಆ ಕಡೆ ಹೋಗುವುದಿಲ್ಲ ಅನ್ನುವ ಲೆಕ್ಕ. ಒಂದು ಕಡೆ ಒರಟು ಕಲ್ಲು, ಇನ್ನೊಂದು ಕಡೆ ನುಣ್ಣಗೆ ಕೆತ್ತಿದ ಕಲ್ಲು. ಸೇರುವಾಗ ಮನುಷ್ಯ ಆ ಒರಟು ಕಲ್ಲು, ತನ್ನನ್ನು ತಾನೇ ಕೆತ್ತಿಕೊಂಡು ಈ ಕಲ್ಲಾಗಬೇಕು ಅಂತ. ನಾನು ಎರಡನ್ನೂ ಮುಟ್ಟಿ ನೋಡಿದೆ, ನುಣ್ಣಗಿನ ಕಲ್ಲಿನ ಮೇಲೆ ಸ್ವಲ್ಪ ಧೂಳಿತ್ತು. ಪೀಠದ ಮೇಲೆ ಮೂಲೆಮಟ್ಟ ಮತ್ತು ಕೈವಾರ. ಮೂಲೆಮಟ್ಟ ಅಂದರೆ ನಡತೆ ನೇರ ಇರಲಿ, ಕೈವಾರ ಅಂದರೆ ಆಸೆಗೆ ಒಂದು ಗೆರೆ ಇರಲಿ. ಇಷ್ಟೇ. ಲಕ್ಕುಂಡಿಯ ಗುಡಿ ಕಟ್ಟಿದವರ ಕೈಯಲ್ಲೂ ಇವೇ ಸಾಮಾನು ಇದ್ದಿರಬೇಕು, ಅವರು ಇದಕ್ಕೆಲ್ಲ ಅರ್ಥ ಹಚ್ಚಿದ್ದರೋ ಇಲ್ಲವೋ.

ಬಾಗಿಲ ಹೊರಗೆ ಕತ್ತಿ ಹಿಡಿದು ಒಬ್ಬರು ನಿಲ್ಲುತ್ತಾರೆ, ಟೈಲರ್ ಅಂತ ಆ ಹುದ್ದೆಯ ಹೆಸರು, ಬಟ್ಟೆ ಹೊಲಿಯುವವರಲ್ಲ. ಸದಸ್ಯರಲ್ಲದವರು ಒಳಗೆ ಬರಬಾರದು, ಅದಕ್ಕೆ. ಒಳಗೆ ಬಾಗಿಲ ಹತ್ತಿರ ಇನ್ನೊಬ್ಬರು. ಬಡಿತದ ಲೆಕ್ಕ ಸರಿ ಇದ್ದರೆ ಬಾಗಿಲು. ಆಮೇಲೆ ಯಾವ ಸೊಸೈಟಿ ಸಭೆಯಲ್ಲೂ ನಡೆಯುವುದೇ ನಡೆಯುತ್ತದೆ: ಹಿಂದಿನ ಸಭೆಯ ನಡಾವಳಿ ಓದುವುದು, ಖರ್ಚು ಮಂಜೂರು ಮಾಡುವುದು, ಯಾವ ಸದಸ್ಯರು ಆಸ್ಪತ್ರೆಯಲ್ಲಿದ್ದಾರೆ, ಯಾರ ಮನೆಯಲ್ಲಿ ತೀರಿಕೊಂಡಿದ್ದಾರೆ, ಯಾವ ವಿಧವೆಗೆ ನೆರವು ಬೇಕು. ಈ ಕೊನೆಯದನ್ನು ನೋಡಿಕೊಳ್ಳಲು ಅಲ್ಮೋನರ್ ಅಂತ ಒಬ್ಬರಿರುತ್ತಾರೆ. ಇಡೀ ಲಾಡ್ಜ್‌ನಲ್ಲಿ ನನಗೆ ಗೌರವ ಇರುವುದು ಆ ಹುದ್ದೆಯ ಮೇಲೆ. ಹೊಸಬರು ಇದ್ದ ದಿನ ಅವರ ವಿಧಿ ನಡೆಯುತ್ತದೆ. ಕೊನೆಗೆ ಊಟ.

ಮೂರು ಮೆಟ್ಟಿಲು ಇರುತ್ತವೆ. ಮೊದಲು ಕಲಿಯುವ ಹುಡುಗ, ಆಮೇಲೆ ಕೆಲಸ ಬಲ್ಲವ, ಮೂರನೆಯದಕ್ಕೆ ಪೂರ್ತಿ ಮಾಸ್ಟರ್ ಮೇಸನ್. ಮುಂದಿನ ಮೆಟ್ಟಿಲಿಗೆ ಹೋಗುವ ಮುಂಚೆ ಪ್ರಶ್ನೋತ್ತರ ಬಾಯಿಪಾಠ ಒಪ್ಪಿಸಬೇಕು. ಮೂರಾದ ಮೇಲೆ ಹುದ್ದೆಗಳ ಸಾಲು ಶುರು, ವರ್ಷಕ್ಕೊಂದು ಕುರ್ಚಿ ಸರಿಯುತ್ತಾ ಹೋಗಿ ಕೊನೆಗೆ ಒಂದು ವರ್ಷದ ಮಟ್ಟಿಗೆ ಇಡೀ ಲಾಡ್ಜ್‌ನ ಮಾಸ್ಟರ್. ಈ ಬಾಯಿಪಾಠ ಅಂತೀಯಲ್ಲ, ಪುಟಗಟ್ಟಲೆ, ಬಹುತೇಕ ಹಳೆಯ ಇಂಗ್ಲಿಷ್. ನಿಮ್ಮಪ್ಪ ಮಾಳಿಗೆ ಮೇಲೆ ಓಡಾಡುತ್ತಾ ಗುಣುಗುಣು ಅನ್ನುತ್ತಿದ್ದದ್ದು ನಿನಗೆ ನೆನಪಿರಬೇಕು. ಪಕ್ಕದ ಮನೆ ಅಜ್ಜಿ "ನಿಮ್ಮವರು ಯಾವ ಸ್ವಾಮಿಗಳ ಕಡೆ ಉಪದೇಶ ತಗೊಂಡಾರವಾ?" ಅಂತ ಕೇಳಿದ್ದರು.

ಸೇರುವ ಕ್ರಮ ಹೇಳುತ್ತೇನೆ. ಅವರಾಗಿ ಬಾ ಅಂತ ಕೈ ಹಿಡಿದು ಎಳೆಯಬಾರದು, ಬೇಕಾದವನು ತಾನೇ ಕೇಳಬೇಕು, ಅದು ಪದ್ಧತಿ. ಸಾಮಾನ್ಯವಾಗಿ 21 ವರ್ಷ ಆಗಿರಬೇಕು, ದುಡಿಮೆ ಇರಬೇಕು, ಮೈಮೇಲೆ ಕೇಸು ಗೀಸು ಇರಬಾರದು. ಲಾಡ್ಜ್‌ನ ಇಬ್ಬರು ಸದಸ್ಯರು ಅರ್ಜಿಗೆ ಸಹಿ ಹಾಕಬೇಕು, ಒಬ್ಬರು ಸೂಚಕರು, ಒಬ್ಬರು ಅನುಮೋದಕರು. ಸುಮ್ನೆ ಪರಿಚಯ ಇದ್ದರೆ ಸಾಲದು, ಈ ಮನುಷ್ಯನಿಗೆ ನಾನು ಜವಾಬ್ದಾರಿ ಅಂದ ಹಾಗೆ ಆ ಸಹಿ. ಆಮೇಲೆ ಇಬ್ಬರೋ ಮೂವರೋ ಮನೆಗೆ ಬಂದು ವಿಚಾರಿಸುತ್ತಾರೆ. ನಂತರ ಮತ. ಒಂದು ಪೆಟ್ಟಿಗೆ ತಿರುಗಿಸುತ್ತಾರೆ, ಪ್ರತಿಯೊಬ್ಬರೂ ಕಾಣದಂತೆ ಒಂದು ಗುಂಡು ಹಾಕುತ್ತಾರೆ. ಬಿಳಿ ಅಂದರೆ ಬರಲಿ, ಕಪ್ಪು ಅಂದರೆ ಬೇಡ. ಎಷ್ಟು ಕಪ್ಪು ಬಿದ್ದರೆ ಬೇಡ ಅನ್ನುವುದು ಆಯಾ ಕಡೆಯ ನಿಯಮ, ಕೆಲವು ಕಡೆ ಒಂದೇ ಸಾಕು. ಯಾರು ಹಾಕಿದರು, ಯಾಕೆ ಹಾಕಿದರು ಅಂತ ಕೇಳುವ ಹಾಗಿಲ್ಲ. ಅಳಿಯಂದಿರಿಗೆ ಇದನ್ನು ಮೊದಲೇ ಹೇಳಿಡು. ಅವರಿಗೆ ಬೇಡ ಅನ್ನಿಸಿಕೊಂಡು ರೂಢಿ ಇಲ್ಲ.

ಮತ ಆದರೆ ಒಂದು ದಿನ ಗೊತ್ತು ಮಾಡುತ್ತಾರೆ. ಆ ದಿನ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ, ಕೊರಳಿಗೆ ಹಗ್ಗ ಹಾಕುತ್ತಾರೆ, ಪ್ಯಾಂಟಿನ ಒಂದು ಕಾಲು ಮಡಚುತ್ತಾರೆ. ಕೇಳಲಿಕ್ಕೆ ವಿಚಿತ್ರ, ಆದರೆ ಪುಸ್ತಕಗಳಲ್ಲಿ ಅಚ್ಚಾಗಿ ಎಷ್ಟೋ ಕಾಲ ಆಯಿತು, ಗುಟ್ಟೇನೂ ಉಳಿದಿಲ್ಲ. ಮೈಮೇಲೆ ಲೋಹ ಇರಬಾರದು, ಉಂಗುರ, ವಾಚು, ಚಿಲ್ಲರೆ ಎಲ್ಲ ತೆಗೆದಿಡಬೇಕು. ಬರಿಗೈಯಲ್ಲಿ ಬಂದೆ ಅನ್ನುವುದು ನೆನಪಿರಲಿ, ಮುಂದೆ ಕೈ ಖಾಲಿ ಇದ್ದವರು ಸಿಕ್ಕಾಗ ಕೊಡು ಅಂತ ಅದರ ಅರ್ಥ. ನನಗೆ ಚಿಂತೆ ಹತ್ತಿದ್ದು ಬೆಳ್ಳಿಯ ಕರಡಿಗೆಯದು. ಲಿಂಗ ತೆಗೆದಿಡು ಅಂದರೆ ಏನು ಮಾಡುವುದು? ನಿಮ್ಮಪ್ಪ ಸೂಚಕರನ್ನು ಮೊದಲೇ ಕೇಳಿ, ಕರಡಿಗೆ ಮನೆಯಲ್ಲಿಟ್ಟು, ಲಿಂಗವನ್ನು ಬಿಳಿ ಅರಿವೆಯಲ್ಲಿ ಕಟ್ಟಿ ಶಿವದಾರದಿಂದ ಕೊರಳಿಗೆ ಹಾಕಿಕೊಂಡು ಹೋದರು. ಯಾರೂ ಏನೂ ಅನ್ನಲಿಲ್ಲ. ಅಳಿಯಂದಿರೂ ಹಾಗೇ ಮೊದಲು ಕೇಳಿಕೊಳ್ಳಲಿ.

ಆ ವಿಧಿಯಲ್ಲೇ ಒಂದು ಪ್ರಶ್ನೆ ಕೇಳುತ್ತಾರೆ: ಸ್ನೇಹಿತರ ಒತ್ತಾಯಕ್ಕೆ ಬಂದಿಲ್ಲ, ಹಣದ ಲಾಭಕ್ಕೆ ಬಂದಿಲ್ಲ, ನನ್ನ ಇಚ್ಛೆಯಿಂದ ಬಂದಿದ್ದೇನೆ ಅಂತ ಎಲ್ಲರ ಮುಂದೆ ಹೇಳಬೇಕು. ಅಳಿಯಂದಿರು "ಅಲ್ಲಿ ದೊಡ್ಡ ದೊಡ್ಡವರ ಪರಿಚಯ ಆಗುತ್ತದೆ, ಬಿಸಿನೆಸ್ಸಿಗೆ ಒಳ್ಳೆಯದು" ಅಂದರು ಅಂದೆಯಲ್ಲ, ಅದಕ್ಕೇ ನನ್ನ ತಕರಾರು. ಅದೇ ಮನಸ್ಸಿದ್ದರೆ ಅವರು ಒಳಗೆ ಕಾಲಿಟ್ಟ ಕೂಡಲೇ ಸುಳ್ಳು ಹೇಳಬೇಕಾಗುತ್ತದೆ. ಅದಕ್ಕಿಂತ ವ್ಯಾಪಾರಸ್ಥರ ಯಾವುದಾದರೂ ಸಂಘ ಸೇರಲಿ, ಅಲ್ಲಿ ಮುಚ್ಚುಮರೆ ಇಲ್ಲದೆ ಕಾರ್ಡು ಹಂಚಬಹುದು. ಲಾಡ್ಜ್ ಸೇರಿದ ಮೇಲೆ ಸದಸ್ಯರ ಹತ್ತಿರ ವಿಮೆ ಪಾಲಿಸಿ, ಸೈಟು ಅಂತ ಬೆನ್ನು ಹತ್ತಿದವರನ್ನು ನಾನು ಕಂಡಿದ್ದೇನೆ. ಅವರ ಫೋನ್ ಬಂದರೆ ನಿಮ್ಮಪ್ಪ ಸ್ನಾನಕ್ಕೆ ಹೋಗಿದ್ದಾರೆ ಅಂತ ನಾನೇ ಹೇಳುತ್ತಿದ್ದೆ.

ನಿನ್ನನ್ನು ಯಾಕೆ ಮಾತಾಡಿಸುತ್ತಾರೆ ಗೊತ್ತಾ? ಹೆಂಡತಿಗೆ ಇಷ್ಟ ಇಲ್ಲದಿದ್ದರೆ ಆ ಮನುಷ್ಯ ಹೆಚ್ಚು ದಿನ ಬರುವುದಿಲ್ಲ, ಬಂದರೂ ಮನಸ್ಸಿರುವುದಿಲ್ಲ ಅಂತ ಅವರಿಗೆ ಅನುಭವ. ನಮ್ಮ ಮನೆಗೆ ಬಂದವರಿಗೆ ಗಿರ್ಮಿಟ್ ಮಾಡಿ ಕೊಟ್ಟೆ. ಒಬ್ಬರು ತಿನ್ನುತ್ತಾ "ನಿಮ್ಮ ಒಪ್ಪಿಗಿ ಐತೇನ್ರಿ ಅಕ್ಕಾರ?" ಅಂದರು. "ಒಪ್ಪಿಗಿ ಆಮ್ಯಾಲ ಕೊಡ್ತೀನ್ರಿ, ಮೊದಲ ಹೇಳ್ರಿ, ರಾತ್ರಿ ಎಷ್ಟಕ್ಕ ಮನಿಗೆ ಕಳಸ್ತೀರಿ?" ಅಂದೆ. ಅವರು ನಕ್ಕರು, ನಾನು ನಗಲಿಲ್ಲ. ಆಗ ಈ ಚಿಗರಿ ಬಸ್ ಇರಲಿಲ್ಲ, ಸಭೆ ಮುಗಿಸಿ ಹುಬ್ಬಳ್ಳಿಯಿಂದ ರಾತ್ರಿ ಧಾರವಾಡಕ್ಕೆ ಬರುವುದು ಸುಲಭ ಇರಲಿಲ್ಲ. ಕುಡಿಯಲೇಬೇಕಾ ಅಂತಲೂ ಕೇಳಿದೆ. ಊಟದ ಹೊತ್ತಿಗೆ ಟೋಸ್ಟ್ ಅಂತ ಗ್ಲಾಸ್ ಎತ್ತುತ್ತಾರೆ, ಅದರಲ್ಲಿ ಮೋಸಂಬಿ ರಸ ಇದ್ದರೂ ನಡೆಯುತ್ತದೆ ಅಂದರು. ನಿಮ್ಮಪ್ಪ ಇವತ್ತಿನವರೆಗೂ ಮೋಸಂಬಿ ರಸದಲ್ಲೇ ಇದ್ದಾರೆ.

ನೀನೂ ಹಾಗೇ ನೇರ ಕೇಳು. ಸೇರುವ ಫೀ ಎಷ್ಟು, ವರ್ಷಕ್ಕೆ ಎಷ್ಟು, ಸಭೆಗೆ ಹಾಕಿಕೊಳ್ಳುವ ಏಪ್ರನ್ ಗ್ಲೌಸು ಯಾರು ಕೊಡುತ್ತಾರೆ, ಊಟದ ಖರ್ಚು ಬೇರೆಯಾ. ಇದು ಲಾಡ್ಜ್‌ನಿಂದ ಲಾಡ್ಜ್‌ಗೆ ಬೇರೆ, ಬಾಯಿಮಾತಲ್ಲಿ ಬಿಡಬೇಡ, ಬರೆದು ಕೊಡಿ ಅನ್ನು. ತಿಂಗಳಿಗೆ ಸಭೆ ಒಂದೇ ಅನ್ನುತ್ತಾರೆ, ಆದರೆ ವಿಧಿಯ ತಾಲೀಮು ಬೇರೆ, ಪಕ್ಕದ ಲಾಡ್ಜ್‌ಗೆ ಹೋಗಿಬರುವುದು ಬೇರೆ, ಹುದ್ದೆ ಸಿಕ್ಕ ಮೇಲಂತೂ ಕೇಳಲೇಬೇಡ. ಮೂರನೆಯ ಮೆಟ್ಟಿಲಾದ ಮೇಲೆ ರಾಯಲ್ ಆರ್ಚ್, ಮಾರ್ಕ್ ಅಂತ ಇನ್ನೂ ಬೇರೆ ಶಾಖೆಗಳಿವೆ, ಒಂದೊಂದಕ್ಕೂ ಬೇರೆ ಫೀ, ಬೇರೆ ಏಪ್ರನ್. ಮಗು ಇನ್ನೂ ಚಿಕ್ಕದು, ನಿನಗೂ ಡ್ಯೂಟಿ ಇದೆ. ಸಭೆಯ ದಿನ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಅವರ ಮುಂದೆಯೇ ಅಳಿಯಂದಿರನ್ನು ಕೇಳು. ಮನೆ, ದುಡಿಮೆ ಬಿಟ್ಟು ಲಾಡ್ಜ್‌ಗೆ ಬಾ ಅಂತ ಅವರ ನಿಯಮವೂ ಹೇಳುವುದಿಲ್ಲ, ಅದನ್ನೇ ಅವರಿಗೆ ನೆನಪಿಸು.

ಇನ್ನು ನೀನು ನಗುತ್ತಾ ಕೇಳಿದ್ದು, "ನಾನೇ ಸೇರಬಹುದಾ?" ಅಂತ. ಈ ಲಾಡ್ಜ್‌ಗೆ ಆಗುವುದಿಲ್ಲ. 1723ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವರ ನಿಯಮದ ಪುಸ್ತಕದಲ್ಲೇ ಜೀತದವರು, ಹೆಂಗಸರು, ನಡತೆಗೆಟ್ಟವರು ಬೇಡ ಅಂತ ಒಂದೇ ಉಸಿರಿನಲ್ಲಿ ಬರೆದಿಟ್ಟಿದ್ದಾರೆ. ಅದಕ್ಕೂ ಐನೂರಕ್ಕೂ ಹೆಚ್ಚು ವರ್ಷ ಮೊದಲು ಕಲ್ಯಾಣದಲ್ಲಿ ಅಲ್ಲಮಪ್ರಭು ಎದುರಿಗೆ ಅಕ್ಕಮಹಾದೇವಿ ನಿಂತು ಉತ್ತರ ಕೊಟ್ಟಿದ್ದಳು ಅಂತ ನಾನು ನಿಮ್ಮಪ್ಪನಿಗೆ ಆಗಾಗ ಚುಚ್ಚುತ್ತೇನೆ, ಅವರು ಪೇಪರ್ ಅಡ್ಡ ಹಿಡಿಯುತ್ತಾರೆ. ಆದರೆ ಬೇರೆ ದಾರಿ ಇದೆ. 1893ರಲ್ಲಿ ಪ್ಯಾರಿಸ್ಸಿನಲ್ಲಿ ಗಂಡಸರು ಹೆಂಗಸರು ಇಬ್ಬರೂ ಇರುವ ಸಂಘ ಶುರುವಾಯಿತು, ಅದನ್ನು ನಮ್ಮ ದೇಶಕ್ಕೆ ತಂದವರು ಆನಿ ಬೆಸೆಂಟ್. ಇಂಗ್ಲೆಂಡಿನಲ್ಲಿ ಹೆಂಗಸರದ್ದೇ ಲಾಡ್ಜ್‌ಗಳೂ ಇವೆ. ಗಂಡಸರ ಲಾಡ್ಜ್‌ನವರು ಇವರ ಸಭೆಗೆ ಹೋಗುವುದಿಲ್ಲ, ಇವರನ್ನು ಕರೆಯುವುದೂ ಇಲ್ಲ. ನಿನಗೆ ನಿಜವಾಗಿ ಮನಸ್ಸಿದ್ದರೆ ಹುಡುಕು, ನಾನು ಬೇಡ ಅನ್ನುವುದಿಲ್ಲ. ಆಗ ಮಗುವನ್ನು ಅಳಿಯಂದಿರು ನೋಡಿಕೊಳ್ಳಲಿ.

ಅಳಿಯಂದಿರು ಭಾನುವಾರ ಹತ್ತು ಗಂಟೆ ಮೇಲೆ ಮಾವನಿಗೆ ಫೋನ್ ಮಾಡಲಿ, ನಾಷ್ಟಾ ಆಗಿರುತ್ತದೆ, ಮೂಡು ಚೆನ್ನಾಗಿರುತ್ತದೆ. ಈ ಪತ್ರದ ವಿಷಯ ಎತ್ತುವುದು ಬೇಡ. ಮತ್ತೆ, ಅಲ್ಲಿಗೆ ಕಪ್ಪು ಸೂಟ್ ಬೇಕಾಗುತ್ತದೆ, ಮದುವೆಯದು ಈಗಲೂ ಅವರಿಗೆ ಆಗುತ್ತದಾ ಅಂತ ನೋಡು. ಆಗದಿದ್ದರೆ ಹೊಲಿಸುವ ಅವಸರ ಬೇಡ, ಮೊದಲು ಗುಂಡು ಬಿಳಿ ಬೀಳಲಿ.

ನಿನ್ನ
ಅವ್ವ
ಧಾರವಾಡ